ವಿಂಡೋಸ್ 10 ಉಳಿಸಿಕೊಂಡೇ ವಿಂಡೋಸ್ 11: ಒಂದು ಡಿಟಿಪಿ ಅಂಗಡಿಯ ಪ್ರಕರಣ

ತಾಲ್ಲೂಕು ಕೇಂದ್ರದ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ ಇಲ್ಲಿನ ಮುಖ್ಯ ಕೆಲಸ. ಸೇವಾ ಸಿಂಧು ಅರ್ಜಿ, ಜಿಎಸ್‌ಟಿ ರಿಟರ್ನ್, ಬ್ಯಾಂಕಿನ ವ್ಯವಹಾರ ಎಲ್ಲವೂ ಅದೇ ಕಂಪ್ಯೂಟರಿನಲ್ಲಿ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲು ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗಿರಾಕಿಗಳ ಆಧಾರ್ ಪ್ರತಿ, ಪಾಸ್‌ಬುಕ್ ಸ್ಕ್ಯಾನ್ ತುಂಬಿಕೊಂಡ ಯಂತ್ರವನ್ನು ಅಪ್‌ಡೇಟ್ ಇಲ್ಲದೆ ಇಂಟರ್ನೆಟ್ಟಿಗೆ ಬಿಡುವುದು ಸರಿಯಲ್ಲ. ಹಾಗಂತ ವಿಂಡೋಸ್ 10 ಅಳಿಸಿ ಹಾಕುವಂತೆಯೂ ಇಲ್ಲ.

ಅಳಿಸಲು ಆಗದ್ದಕ್ಕೆ ಮೂಲ ಪೇಜ್‌ಮೇಕರ್ 7 ಎಂಬ ಪುಟವಿನ್ಯಾಸದ ಸಾಫ್ಟ್‌ವೇರ್. ಅಡೋಬಿ ಇದನ್ನು ಬಿಡುಗಡೆ ಮಾಡಿದ್ದು 2001ರಲ್ಲಿ. ಇದಕ್ಕೆ ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಗೊತ್ತಿಲ್ಲ. ಆದ್ದರಿಂದ ಅಂಗಡಿಯ ಹಳೆಯ ಕೆಲಸವೆಲ್ಲ ಆಸ್ಕಿ ಫಾಂಟ್‌ಗಳಲ್ಲಿದೆ (ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ ಹಳೆಯ ಫಾಂಟ್‌ಗಳು): ಒಂದಷ್ಟು ನುಡಿ ತಂತ್ರಾಂಶದಲ್ಲಿ, ಬಹುಪಾಲು ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ಲೈಸೆನ್ಸ್ ಕೀ) ಹಾಕಿದರೆ ಮಾತ್ರ ತೆರೆಯುವ ಒಂದು ಹಳೆಯ ಫಾಂಟ್ ಪ್ಯಾಕೇಜಿನಲ್ಲಿ. ವಿಂಡೋಸ್ 11ಕ್ಕೆ ಹೋಗಲು ಪೇಜ್‌ಮೇಕರ್ ಆಗಲಿ ನುಡಿ ಆಗಲಿ ನಿಜವಾದ ಅಡ್ಡಿಯಲ್ಲ. ಅಡ್ಡಿ ಇರುವುದು ಡಾಂಗಲ್‌ನ ಡ್ರೈವರಿನಲ್ಲಿ. ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಇದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ, ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದು, ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆ) ವರ್ಚುವಲೈಸೇಷನ್ ಚಾಲೂ ಇದ್ದರೆ ಅದು ತಾನಾಗಿಯೇ ಆನ್ ಆಗುತ್ತದೆ. ಅದರ ಲೆಕ್ಕಕ್ಕೆ ಹೊಂದದ ಹಳೆಯ ಕರ್ನೆಲ್ ಡ್ರೈವರ್ (ವಿಂಡೋಸ್‌ನ ತಿರುಳಿನಲ್ಲೇ ಓಡುವ ಡ್ರೈವರ್) ಲೋಡ್ ಆಗುವುದೇ ಇಲ್ಲ. ಡಾಂಗಲ್‌ನ ದೀಪ ಉರಿಯುತ್ತದೆ, ಪ್ಯಾಕೇಜ್ ಮಾತ್ರ "ಕೀ ಸಿಗಲಿಲ್ಲ" ಎನ್ನುತ್ತದೆ. ರಕ್ಷಣೆಯನ್ನೇ ಆಫ್ ಮಾಡಿದರೆ ಡಾಂಗಲ್ ನಡೆದೀತು. ಆದರೆ ಭದ್ರತೆಗೆಂದೇ ತಂದ ಹೊಸ ವಿಂಡೋಸ್‌ನ ಭದ್ರತೆಯನ್ನೇ ಕಳಚುವುದರಲ್ಲಿ ಅರ್ಥವಿಲ್ಲ.

ಇಂಥ ಕೆಲಸಕ್ಕೆ ಕೈಹಾಕುವ ಮೊದಲು ಡಾಂಗಲ್ ತಯಾರಕರ ಹೊಸ ಡ್ರೈವರ್ ಇದೆಯೇ ನೋಡಬೇಕು. ಎಷ್ಟೋ ಸಲ ಇರುತ್ತದೆ, ಆಗ ಮುಂದಿನ ಕಸರತ್ತು ಯಾವುದೂ ಬೇಡ. ಈ ಪ್ರಕರಣದಲ್ಲಿ ಹೊಸ ಡ್ರೈವರ್ ಸಿಕ್ಕಿತು, ಆದರೆ ಫಾಂಟ್ ಪ್ಯಾಕೇಜಿನ ಹಳೆಯ ಆವೃತ್ತಿ ಅದರೊಡನೆ ಮಾತಾಡಲಿಲ್ಲ.

ಯಂತ್ರದ ಸ್ಥಿತಿ

ಇಂಟೆಲ್ ಕೋರ್ ಐ3-8100, ಎಚ್310 ಚಿಪ್‌ಸೆಟ್ಟಿನ ಬೋರ್ಡ್, 8 ಜಿಬಿ ರ‍್ಯಾಮ್, 480 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ. ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿದೆ. ವಿಂಡೋಸ್ 11 ಕೇಳುವ ಭದ್ರತಾ ಘಟಕ ಟಿಪಿಎಂ 2.0 ಕೂಡ ಇದೆ: ಬೇರೆ ಚಿಪ್ ಆಗಿ ಅಲ್ಲ, ಇಂಟೆಲ್ ಪಿಟಿಟಿ ಎಂಬ ಹೆಸರಿನಲ್ಲಿ ಫರ್ಮ್‌ವೇರ್ ಒಳಗೇ, ಆಫ್ ಆಗಿ. ಹಾಗಾಗಿ ಯಂತ್ರ ಯೋಗ್ಯವೇ. ತೊಂದರೆ ಇದ್ದದ್ದು ಡಿಸ್ಕ್ ಹಂಚಿಕೆಯಲ್ಲಿ.

ಕಂಪ್ಯೂಟರ್ ಅಂಗಡಿಯವರು ಜೋಡಿಸಿಕೊಟ್ಟ ಯಂತ್ರಗಳಲ್ಲಿ ಪದೇ ಪದೇ ಕಾಣುವುದೇ ಇಲ್ಲೂ ಇತ್ತು. ಮೊದಲಿದ್ದ ಹಾರ್ಡ್ ಡಿಸ್ಕನ್ನು ಹಾಗೆಯೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ್ದರಿಂದ ಡಿಸ್ಕ್ ಹಂಚಿಕೆಗೆ ಹಳೆಯ ಎಂಬಿಆರ್ ಪದ್ಧತಿ, ಯಂತ್ರ ಏಳುವುದಕ್ಕೆ ಹಳೆಯ ಬಯೋಸ್ ರೀತಿಯ ಲೆಗಸಿ ಬೂಟ್. 500 ಎಂಬಿಯ ಸಿಸ್ಟಂ ರಿಸರ್ವ್ಡ್, 140 ಜಿಬಿಯ ಸಿ, ಅರ್ಧ ಜಿಬಿಯ ರಿಕವರಿ, ಉಳಿದ ಜಾಗವೆಲ್ಲ ಒಂದು ಎಕ್ಸ್‌ಟೆಂಡೆಡ್ ಪಾರ್ಟಿಷನ್, ಅದರೊಳಗೆ ಲಾಜಿಕಲ್ ಡ್ರೈವ್‌ಗಳಾಗಿ ಡಿ ಮತ್ತು ಇ. ವಿಂಡೋಸ್ 10 ಇರುವುದು 64 ಬಿಟ್, 22ಎಚ್2 ಆವೃತ್ತಿ. 32 ಬಿಟ್ ಆಗಿದ್ದರೆ ಇಲ್ಲಿ ಹೇಳುವ ದಾರಿ ನಡೆಯುತ್ತಿರಲಿಲ್ಲ. ಇಂಥ ಬೋರ್ಡ್‌ಗಳ 64 ಬಿಟ್ ಯುಇಎಫ್‌ಐ (ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಹೊಸ ಬೂಟ್ ವ್ಯವಸ್ಥೆ) ಅದನ್ನು ಬೂಟ್ ಮಾಡುವುದಿಲ್ಲ.

ದಾರಿಗಳ ತೂಕ

ಸೆಟ್ಟಿಂಗ್ಸ್‌ನಿಂದಲೇ ಮೇಲ್ದರ್ಜೆಗೇರಿಸುವ ದಾರಿ ಎಲ್ಲಕ್ಕಿಂತ ಸುಲಭ. ಆದರೆ ಅದು ಹಳೆಯದನ್ನು ಉಳಿಸುವುದಿಲ್ಲ; ಹಿಂದಕ್ಕೆ ಹೋಗಲು 10 ದಿನದ ಅವಕಾಶ ಕೊಡುತ್ತದೆ, ಅಷ್ಟೇ. ಡಿಸ್ಮ್ ಕಮಾಂಡಿನಿಂದ ಅದನ್ನು 60 ದಿನಕ್ಕೆ ಏರಿಸಬಹುದಾದರೂ ಒಂದು ಹೊತ್ತಿಗೆ ಇರುವುದು ಒಂದೇ ವಿಂಡೋಸ್.

ವಿಂಡೋಸ್ 11ರ ಒಳಗೆ ವರ್ಚುವಲ್‌ಬಾಕ್ಸ್ ಹಾಕಿ ಹಳೆಯ ವಿಂಡೋಸನ್ನು ಅದರಲ್ಲಿ ಓಡಿಸುವುದು ಇನ್ನೊಂದು ದಾರಿ. ಮೈಕ್ರೋಸಾಫ್ಟಿನದೇ ಡಿಸ್ಕ್‌ಟುವಿಎಚ್‌ಡಿ ಇರುವ ಸಿ ಡ್ರೈವನ್ನು ಹಾಗೆಯೇ ವರ್ಚುವಲ್ ಡಿಸ್ಕ್ ಮಾಡಿಕೊಡುತ್ತದೆ, ಯುಎಸ್‌ಬಿ ಡಾಂಗಲನ್ನು ಒಳಗಿನ ಯಂತ್ರಕ್ಕೆ ದಾಟಿಸಲೂ ಬರುತ್ತದೆ. 16 ಜಿಬಿ ರ‍್ಯಾಮ್ ಇದ್ದು, ಹಳೆಯ ಫೈಲ್ ತೆರೆಯುವುದು ತಿಂಗಳಿಗೊಮ್ಮೆ ಆಗಿದ್ದರೆ ಇದೇ ಒಳ್ಳೆಯದು. ಇಲ್ಲಿ ರ‍್ಯಾಮ್ 8 ಜಿಬಿ, ಲಗ್ನದ ಕಾಲದಲ್ಲಿ ದಿನವಿಡೀ ಪೇಜ್‌ಮೇಕರ್ ಕೆಲಸ. ಅದಕ್ಕೇ ಕೈಬಿಡಲಾಯಿತು.

ಒಂದೇ ಡಿಸ್ಕಿನಲ್ಲಿ ಸಿ ಕುಗ್ಗಿಸಿ ಪಕ್ಕದಲ್ಲಿ ವಿಂಡೋಸ್ 11 ಹಾಕುವುದನ್ನು ಹೆಚ್ಚಿನವರು ಮಾಡುತ್ತಾರೆ. ನಡೆಯುತ್ತದೆ. ಆದರೆ ಎರಡೂ ವಿಂಡೋಸ್‌ಗಳ ಬೂಟ್ ಫೈಲ್‌ಗಳು ಇಎಫ್‌ಐ ಎಂಬ ಒಂದೇ ಬೂಟ್ ಪಾರ್ಟಿಷನ್ನಿನಲ್ಲಿ ಕೂರುತ್ತವೆ. ಅದು ಕೆಟ್ಟರೆ ಎರಡೂ ಏಳುವುದಿಲ್ಲ. ಆದ್ದರಿಂದ ಈ ಪ್ರಕರಣದಲ್ಲಿ 240 ಜಿಬಿಯ ಎರಡನೇ ಎಸ್‌ಎಸ್‌ಡಿ ತರಿಸಿ, ಪ್ರತಿ ವಿಂಡೋಸ್‌ಗೂ ತನ್ನದೇ ಡಿಸ್ಕ್, ತನ್ನದೇ ಬೂಟ್ ಮ್ಯಾನೇಜರ್ ಎಂದು ತೀರ್ಮಾನವಾಯಿತು.

ಎರಡು ಡಿಸ್ಕ್ ಇದ್ದ ಮೇಲೆ ಹಳೆಯದನ್ನು ಎಂಬಿಆರ್‌ನಲ್ಲೇ ಬಿಡಬಾರದೇಕೆ? ವಿಂಡೋಸ್ 11 ಯುಇಎಫ್‌ಐ ಕೇಳುತ್ತದೆ, ಎಂಬಿಆರ್‌ನ ಹಳೆಯ ವಿಂಡೋಸ್ ಏಳಬೇಕಾದರೆ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ಬಯೋಸ್ ರೀತಿಯಲ್ಲಿ ಎಬ್ಬಿಸುವ ಸೌಲಭ್ಯ) ಆನ್ ಇರಬೇಕು, ಸಿಎಸ್‌ಎಂ ಆನ್ ಇದ್ದರೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್ ಫೈಲನ್ನಷ್ಟೇ ಬಿಡುವ ರಕ್ಷಣೆ) ಇರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಬಯೋಸ್ ಒಳಗೆ ಕೈಯಾಡಿಸಬೇಕು. ಜೊತೆಗೆ ವಿಂಡೋಸ್ 11ರಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಡೇಟಾ ಓದಲಾಗದಂತೆ ಹಾಕುವ ಬೀಗ) ಚಾಲೂ ಇದ್ದರೆ ಇಂಥ ಪ್ರತಿ ಬದಲಾವಣೆಗೂ 48 ಅಂಕಿಯ ರಿಕವರಿ ಕೀ ಕೇಳುವ ಸಾಧ್ಯತೆ. ಅಂಗಡಿಯ ಹುಡುಗರ ಕೈಗೆ ಕೊಡುವ ವ್ಯವಸ್ಥೆಯಲ್ಲ ಇದು. ಹಾಗಾಗಿ ಕೆಲಸದ ಕ್ರಮ ತಲೆಕೆಳಗಾಗುತ್ತದೆ: ಮೊದಲು ಹಳೆಯ ವಿಂಡೋಸನ್ನೇ ಜಿಪಿಟಿ (ಎಂಬಿಆರ್‌ನ ಜಾಗಕ್ಕೆ ಬಂದ ಹೊಸ ಹಂಚಿಕೆ ಪದ್ಧತಿ), ಯುಇಎಫ್‌ಐ, ಸೆಕ್ಯೂರ್ ಬೂಟ್‌ಗೆ ತರುವುದು, ಅದು ಆ ಸ್ಥಿತಿಯಲ್ಲಿ ದಿನದ ಕೆಲಸ ಮಾಡುವುದನ್ನು ನೋಡುವುದು, ಹೊಸದರ ಪೆನ್‌ಡ್ರೈವ್ ಮುಟ್ಟುವುದು ಆಮೇಲೆ.

ಮೊದಲು ಪ್ರತಿ

ಬೇಕಾದ ಸಾಮಾನು: 1 ಟಿಬಿ ಹೊರ ಹಾರ್ಡ್ ಡಿಸ್ಕ್, 8 ಜಿಬಿಯ ಎರಡು ಪೆನ್‌ಡ್ರೈವ್ (ಒಂದರಲ್ಲಿ ಡಿಸ್ಕಿನ ಪ್ರತಿ ತೆಗೆಯುವ ಕ್ಲೋನ್‌ಜಿಲ್ಲಾ, ಇನ್ನೊಂದರಲ್ಲಿ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಮಾಡಿದ ವಿಂಡೋಸ್ 11), ಹೊಸ ಎಸ್‌ಎಸ್‌ಡಿ, ಒಂದು ಸಾಟಾ ಡೇಟಾ ಕೇಬಲ್. ಎಸ್‌ಎಸ್‌ಡಿ ಡಬ್ಬಿಯಲ್ಲಿ ಕೇಬಲ್ ಸಾಮಾನ್ಯವಾಗಿ ಬರುವುದಿಲ್ಲ. ಸಂಜೆ ಕ್ಯಾಬಿನೆಟ್ ಬಿಚ್ಚಿದ ಮೇಲೆ ಗೊತ್ತಾದರೆ ಕೆಲಸ ಮರುದಿನಕ್ಕೆ. ಎಸ್‌ಎಂಪಿಎಸ್‌ನಲ್ಲಿ ಇನ್ನೊಂದು ಸಾಟಾ ಪವರ್ ಪಿನ್ ಬಿಡುವಾಗಿದೆಯೇ ಎಂದೂ ಮೊದಲೇ ನೋಡಿಕೊಳ್ಳಬೇಕು.

ಎರಡು ಬಗೆಯ ಪ್ರತಿ ಬೇಕು. ಕ್ಲೋನ್‌ಜಿಲ್ಲಾದಿಂದ ಇಡೀ ಡಿಸ್ಕಿನ ಇಮೇಜ್ ಒಂದು. ಇದು ಎಂಬಿಆರ್ ಸ್ಥಿತಿಯ ಇಮೇಜ್ ಆದ್ದರಿಂದ ಮುಂದೆ ಇದನ್ನೇ ಮರಳಿ ಹಾಕಿದರೆ ಬಯೋಸ್‌ನಲ್ಲಿ ಸಿಎಸ್‌ಎಂ ಮತ್ತೆ ಆನ್ ಮಾಡಬೇಕು, ಇಲ್ಲದಿದ್ದರೆ ಇಮೇಜ್ ಸರಿಯಿದ್ದೂ ಏಳುವುದಿಲ್ಲ. ಈ ಮಾತನ್ನು ಇಮೇಜ್ ಫೋಲ್ಡರಿನ ಹೆಸರಿನಲ್ಲೇ ಬರೆದಿಡುವುದು ಲೇಸು. ಎರಡನೆಯದು ಡಿ ಮತ್ತು ಇ ಡ್ರೈವ್‌ಗಳ ಸಾದಾ ನಕಲು, ವಿಂಡೋಸ್‌ನದೇ ರೋಬೋಕಾಪಿ ಕಮಾಂಡಿನಿಂದ. ಎಳೆದು ಬಿಡುವ ಕಾಪಿಗಿಂತ ಇದು ಮೇಲು, ಏಕೆಂದರೆ ಕೊನೆಯಲ್ಲಿ ಎಷ್ಟು ಫೈಲ್ ಹೋಯಿತು, ಎಷ್ಟು ವಿಫಲವಾಯಿತು ಎಂಬ ಲೆಕ್ಕ ಕೊಡುತ್ತದೆ. "ಫೇಲ್ಡ್" ಕಾಲಂ ಸೊನ್ನೆ ಇರಬೇಕು. ನಕಲಾದ ಫೋಲ್ಡರಿನಿಂದ ನಾಲ್ಕಾರು ಹಳೆಯ ಪೇಜ್‌ಮೇಕರ್ ಫೈಲ್ ತೆರೆದು ನೋಡುವವರೆಗೆ ಮೂಲವನ್ನು ಮುಟ್ಟಬಾರದು.

ಮರೆತುಹೋಗುವುದು ಫಾಂಟ್‌ಗಳು. ವಿಂಡೋಸ್ 10ರ 1809 ಆವೃತ್ತಿಯಿಂದೀಚೆಗೆ ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಬರಿಯ "ಇನ್‌ಸ್ಟಾಲ್" ಒತ್ತಿದರೆ ಅದು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿಗೆ ಹೋಗುವುದಿಲ್ಲ, ಬಳಕೆದಾರರ ಆಪ್‌ಡೇಟಾ ಫೋಲ್ಡರಿಗೆ ಹೋಗುತ್ತದೆ. ಪ್ರತಿ ತೆಗೆಯುವಾಗ ಎರಡೂ ಕಡೆ ನೋಡಬೇಕು. ಹೊಸ ವಿಂಡೋಸ್‌ಗೆ ಹಾಕುವಾಗ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಎಂದೇ ಆರಿಸಬೇಕು; ಹಳೆಯ ಕಾಲದ ಪ್ರೋಗ್ರಾಂಗಳಿಗೆ ಆಪ್‌ಡೇಟಾದಲ್ಲಿರುವ ಫಾಂಟ್ ಕಾಣದೇ ಹೋಗುವುದುಂಟು.

ಎಂಬಿಆರ್‌ನಿಂದ ಜಿಪಿಟಿಗೆ

ಡೇಟಾ ಅಳಿಸದೆ ಡಿಸ್ಕಿನ ಪದ್ಧತಿ ಬದಲಿಸುವ ಉಪಕರಣ ವಿಂಡೋಸ್ 10ರೊಳಗೇ ಇದೆ, 1703 ಆವೃತ್ತಿಯಿಂದ. ಹೆಸರು ಎಂಬಿಆರ್‌2ಜಿಪಿಟಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು "ವ್ಯಾಲಿಡೇಟ್" ಸ್ವಿಚ್ಚಿನೊಂದಿಗೆ ಓಡಿಸಬೇಕು. ಡಿಸ್ಕ್ ಸಂಖ್ಯೆ 0, ಚಾಲೂ ಇರುವ ವಿಂಡೋಸ್ ಒಳಗಿನಿಂದಲೇ ನಡೆಸುವುದರಿಂದ "ಅಲೌಫುಲ್‌ಓಎಸ್" ಸ್ವಿಚ್ ಕೂಡ ಸೇರಿಸಬೇಕು. ವ್ಯಾಲಿಡೇಟ್ ಬರಿಯ ಪರೀಕ್ಷೆ, ಏನನ್ನೂ ಬದಲಿಸುವುದಿಲ್ಲ.

ಪರೀಕ್ಷೆ ಸೋತಿತು. "ಡಿಸ್ಕ್ ಲೇಔಟ್ ವ್ಯಾಲಿಡೇಷನ್ ಫೇಲ್ಡ್ ಫಾರ್ ಡಿಸ್ಕ್ 0." ಸೋಲಲೇಬೇಕಿತ್ತು: ಈ ಉಪಕರಣದ ನಿಯಮದ ಪ್ರಕಾರ ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಬಾರದು, ಎಕ್ಸ್‌ಟೆಂಡೆಡ್ ಅಥವಾ ಲಾಜಿಕಲ್ ಒಂದೂ ಇರಬಾರದು. ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಸಿ, ಡಿ, ಇ ಎಂದು ಹಂಚುವ ರೂಢಿಗೆ ಇದು ನೇರ ಪೆಟ್ಟು. ಲಾಜಿಕಲ್ ಡ್ರೈವ್‌ಗಳನ್ನು ಪ್ರೈಮರಿ ಮಾಡುವ ಬೇರೆ ಕಂಪನಿಗಳ ಸಾಫ್ಟ್‌ವೇರ್ ಇವೆ, ಆದರೆ ಆಗಲೂ ಪ್ರೈಮರಿಗಳ ಸಂಖ್ಯೆ ಮೂರು ದಾಟುತ್ತದೆ. ಡೇಟಾದ ಎರಡು ಪ್ರತಿ ಹೇಗೂ ಕೈಯಲ್ಲಿದೆ. ಆದ್ದರಿಂದ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿ ಮತ್ತು ಇ ಎರಡನ್ನೂ ಅಳಿಸಲಾಯಿತು. ಅಷ್ಟಕ್ಕೇ ಮುಗಿಯುವುದಿಲ್ಲ. ಎರಡೂ ಹೋದ ಮೇಲೆ ತಿಳಿಹಸಿರು ಬಣ್ಣದ "ಫ್ರೀ ಸ್ಪೇಸ್" ಉಳಿಯುತ್ತದೆ. ಅದು ಖಾಲಿಯಾದ ಎಕ್ಸ್‌ಟೆಂಡೆಡ್ ಪಾರ್ಟಿಷನ್. ಅದನ್ನೂ ಅಳಿಸಿ ಕಪ್ಪು ಪಟ್ಟಿಯ "ಅನ್‌ಅಲೊಕೇಟೆಡ್" ಆದ ಮೇಲೆಯೇ ವ್ಯಾಲಿಡೇಟ್ ದಾಟುತ್ತದೆ.

ಆ ಖಾಲಿ ಜಾಗದಲ್ಲಿ ತಕ್ಷಣ ಹೊಸ ಡಿ ಮಾಡಿಬಿಡೋಣ ಎನ್ನಿಸುತ್ತದೆ. ಮಾಡಿದರೆ ಅದು ನಾಲ್ಕನೇ ಪ್ರೈಮರಿ. ಪರೀಕ್ಷೆ ಮತ್ತೆ ಸೋಲುತ್ತದೆ. ಡಿ ಹುಟ್ಟಬೇಕಾದ್ದು ಪರಿವರ್ತನೆಯ ನಂತರ.

"ಕನ್ವರ್ಟ್" ಸ್ವಿಚ್ಚಿನೊಂದಿಗೆ ಓಡಿಸಿದಾಗ ಕೆಲಸ ಮುಗಿಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಹಳೆಯ ಸಿಸ್ಟಂ ರಿಸರ್ವ್ಡ್ ಒಗ್ಗಿದರೆ ಅದನ್ನೇ ಇಎಫ್‌ಐ ಪಾರ್ಟಿಷನ್ ಮಾಡುತ್ತದೆ, ಒಗ್ಗದಿದ್ದರೆ ಸಿ ಡ್ರೈವಿನಿಂದ ಸ್ವಲ್ಪ ಕತ್ತರಿಸಿಕೊಳ್ಳುತ್ತದೆ. ಸಿ ತುಂಬಿ ತುಳುಕುತ್ತಿದ್ದರೆ ಇಲ್ಲೇ ಎಡವುತ್ತದೆ. ಕೊನೆಯಲ್ಲಿ ರೀಏಜೆಂಟ್ ಎಕ್ಸ್‌ಎಂಎಲ್ ಫೈಲನ್ನು ಬದಲಿಸಲಾಗಲಿಲ್ಲ ಎಂಬ ಸಾಲು ಬಂದರೆ ಗಾಬರಿ ಬೇಡ, ಪರಿವರ್ತನೆ ಆಗಿದೆ. ರಿಕವರಿ ಪರಿಸರದ ವಿಳಾಸ ಮಾತ್ರ ಹಳತಾಗಿದೆ. ಮುಂದಿನ ಬೂಟ್ ಆದ ಮೇಲೆ ರೀಏಜೆಂಟ್‌ಸಿ ಕಮಾಂಡನ್ನು ಡಿಸೇಬಲ್, ಎನೇಬಲ್ ಎಂದು ಒಂದಾದ ಮೇಲೊಂದು ಕೊಟ್ಟರೆ ಸರಿಹೋಗುತ್ತದೆ.

ಈಗ ರೀಸ್ಟಾರ್ಟ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿ ಬಯೋಸ್ ಒಳಗೆ ಹೋಗಬೇಕು. ಸುಮ್ಮನೆ ಬಿಟ್ಟರೆ ಲೆಗಸಿಯಲ್ಲಿ ಏಳಲು ನೋಡಿ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ, ನೋಡುವವರಿಗೆ ಡಿಸ್ಕೇ ಹೋಯಿತೆನಿಸುತ್ತದೆ. ಸಿಎಸ್‌ಎಂ ಆಫ್, ಪಿಟಿಟಿ ಆನ್, ಮೊದಲ ಬೂಟ್ ಆಯ್ಕೆ "ವಿಂಡೋಸ್ ಬೂಟ್ ಮ್ಯಾನೇಜರ್". ಸೆಕ್ಯೂರ್ ಬೂಟನ್ನು ಅದೇ ಸುತ್ತಿನಲ್ಲಿ ಆನ್ ಮಾಡುವ ಬದಲು ವಿಂಡೋಸ್ 10 ಒಮ್ಮೆ ಯುಇಎಫ್‌ಐನಲ್ಲಿ ಎದ್ದದ್ದನ್ನು ನೋಡಿ ಎರಡನೇ ಸುತ್ತಿನಲ್ಲಿ ಮಾಡುವುದು ಮೇಲು. ಏಳದಿದ್ದರೆ ತಪ್ಪು ಎಲ್ಲಿದೆ ಎಂಬುದು ಆಗ ಸ್ಪಷ್ಟ. ಕೆಲವು ಬೋರ್ಡ್‌ಗಳಲ್ಲಿ ಸೆಕ್ಯೂರ್ ಬೂಟ್ "ಎನೇಬಲ್ಡ್" ಎಂದಿದ್ದರೂ ಪಕ್ಕದಲ್ಲಿ "ನಾಟ್ ಆಕ್ಟಿವ್" ಎಂದಿರುತ್ತದೆ. ಫ್ಯಾಕ್ಟರಿ ಕೀಗಳನ್ನು ಲೋಡ್ ಮಾಡಿಲ್ಲ ಎಂದರ್ಥ. "ರಿಸ್ಟೋರ್ ಫ್ಯಾಕ್ಟರಿ ಕೀಸ್" ಕೊಟ್ಟು ಸೇವ್ ಮಾಡಬೇಕು. ಕೊನೆಗೆ ಎಂಎಸ್‌ಇನ್‌ಫೋ32 ತೆರೆದರೆ ಬಯೋಸ್ ಮೋಡ್ ಯುಇಎಫ್‌ಐ, ಸೆಕ್ಯೂರ್ ಬೂಟ್ ಸ್ಟೇಟ್ ಆನ್ ಎಂದು ಕಾಣಬೇಕು.

ಸೆಕ್ಯೂರ್ ಬೂಟ್ ಆನ್ ಆದ ವಿಂಡೋಸ್ 10ರಲ್ಲಿ ಡಾಂಗಲ್ ಪರೀಕ್ಷೆ ತಪ್ಪಿಸಬಾರದು. 1607 ಆವೃತ್ತಿಯಿಂದೀಚಿನ ವಿಂಡೋಸ್ 10ರಲ್ಲಿ, ಹೊಸದಾಗಿ ಹಾಕಿಸಿದ್ದಾಗಿದ್ದು ಸೆಕ್ಯೂರ್ ಬೂಟ್ ಚಾಲೂ ಇದ್ದರೆ, ಕರ್ನೆಲ್ ಡ್ರೈವರಿಗೆ ಮೈಕ್ರೋಸಾಫ್ಟಿನ ಸಹಿ ಬೇಕು. 2015ರ ಜುಲೈ 29ಕ್ಕಿಂತ ಮೊದಲು ಕೊಟ್ಟ ಪ್ರಮಾಣಪತ್ರದಿಂದ ಸಹಿಯಾದ ಹಳೆಯ ಡ್ರೈವರುಗಳಿಗೆ ವಿನಾಯಿತಿ ಇದೆ. ಇಲ್ಲಿನ ಡಾಂಗಲ್ ಡ್ರೈವರ್ ಅಷ್ಟು ಹಳೆಯದಾದ್ದರಿಂದಲೇ ಪಾರಾಯಿತು. ಅದಕ್ಕಿಂತ ಸ್ವಲ್ಪ ಹೊಸದಾಗಿದ್ದರೆ ಸಿಕ್ಕಿಬೀಳುತ್ತಿತ್ತು.

ಖಾಲಿ ಜಾಗದಲ್ಲಿ ಈಗ ಸುಮಾರು 300 ಜಿಬಿಯ ಒಂದೇ ಡಿ ಮಾಡಿ ಹಳೆಯ ಡಿ, ಇ ಎರಡರ ಕೆಲಸದ ಫೋಲ್ಡರುಗಳನ್ನೂ ಅದಕ್ಕೆ ಮರಳಿಸಲಾಯಿತು. ಇ ಡ್ರೈವಿನಲ್ಲಿದ್ದ ಚಿತ್ರಗಳ ವಿಳಾಸ ಬದಲಾದ್ದರಿಂದ ಒಂದಷ್ಟು ಪೇಜ್‌ಮೇಕರ್ ಫೈಲುಗಳಲ್ಲಿ ಲಿಂಕ್ ಕಡಿದುಹೋಯಿತು. ಪೇಜ್‌ಮೇಕರ್ ಚಿತ್ರದ ಪೂರ್ತಿ ವಿಳಾಸವನ್ನು ನೆನಪಿಡುತ್ತದೆ. ಹಳೆಯ ಇ ಅನ್ನು ಚಿಕ್ಕ ಪಾರ್ಟಿಷನ್ನಾಗಿ ಮತ್ತೆ ಹುಟ್ಟಿಸಿ ಅದೇ ಅಕ್ಷರ ಕೊಟ್ಟರೆ ಈ ತೊಂದರೆ ಬರುವುದಿಲ್ಲ. ಲಿಂಕ್ ಮಾಡಿದ ಚಿತ್ರ ಹೆಚ್ಚಿರುವ ಅಂಗಡಿಗಳಿಗೆ ಅದೇ ಸರಿ. ಪರಿವರ್ತನೆಯ ನಂತರ ಒಂದು ವಾರ ಎಂದಿನಂತೆ ಕೆಲಸ ನಡೆಸಿ, ಡಾಂಗಲ್, ಪ್ರಿಂಟರ್, ಸ್ಕ್ಯಾನರ್ ಎಲ್ಲ ಸರಿಯಿವೆ ಎಂದಾದ ಮೇಲೆಯೇ ಮುಂದಿನ ಹೆಜ್ಜೆ.

ವಿಂಡೋಸ್ 11

ಕ್ಯಾಬಿನೆಟ್ ಬಿಚ್ಚಿ, ಹೊಸ ಎಸ್‌ಎಸ್‌ಡಿ ಜೋಡಿಸಿ, ಹಳೆಯ ಎಸ್‌ಎಸ್‌ಡಿಯ ಡೇಟಾ ಕೇಬಲ್ ಕಳಚಬೇಕು. ಇಡೀ ಕೆಲಸದಲ್ಲಿ ಬಿಡಬಾರದ ಹೆಜ್ಜೆ ಇದು. ವಿಂಡೋಸ್ ಸೆಟಪ್‌ಗೆ ಒಂದು ಚಾಳಿ ಇದೆ: ನೀವು ಎರಡನೇ ಡಿಸ್ಕ್ ತೋರಿಸಿದರೂ ಮೊದಲ ಡಿಸ್ಕಿನಲ್ಲಿ ಇಎಫ್‌ಐ ಪಾರ್ಟಿಷನ್ ಕಂಡರೆ ತನ್ನ ಬೂಟ್ ಫೈಲ್‌ಗಳನ್ನು ಅಲ್ಲೇ ಇಡುತ್ತದೆ. ಆಮೇಲೆ ಹಳೆಯ ಡಿಸ್ಕ್ ಕೆಟ್ಟ ದಿನ, ಹೊಸ ಡಿಸ್ಕಿನಲ್ಲಿರುವ ಆರೋಗ್ಯವಾದ ವಿಂಡೋಸ್ 11 ಕೂಡ ಏಳುವುದಿಲ್ಲ. ಕೇಬಲ್ ಕಳಚಿದರೆ ತಪ್ಪು ಡಿಸ್ಕ್ ಫಾರ್ಮ್ಯಾಟ್ ಆಗುವ ಅಪಾಯವೂ ಇಲ್ಲ.

ಪೆನ್‌ಡ್ರೈವಿನಿಂದ ಬೂಟ್ ಮಾಡುವಾಗ ಬೂಟ್ ಮೆನುವಿನಲ್ಲಿ "ಯುಇಎಫ್‌ಐ" ಎಂದು ಆರಂಭವಾಗುವ ಸಾಲನ್ನೇ ಆರಿಸಬೇಕು. ಮೆನುವಿನ ಕೀ ಬೋರ್ಡಿಗೊಂದು: ಗಿಗಾಬೈಟ್‌ನಲ್ಲಿ ಎಫ್12, ಏಸಸ್‌ನಲ್ಲಿ ಎಫ್8, ಎಂಎಸ್‌ಐ ಮತ್ತು ಏಎಸ್‌ರಾಕ್‌ನಲ್ಲಿ ಎಫ್11. 240 ಜಿಬಿಯ ಡಿಸ್ಕ್ ಸೆಟಪ್‌ನಲ್ಲಿ 223 ಜಿಬಿ ಎಂದು ಕಾಣುತ್ತದೆ. ಅನ್‌ಅಲೊಕೇಟೆಡ್ ಜಾಗವನ್ನು ಆರಿಸಿ ನೆಕ್ಸ್ಟ್ ಕೊಟ್ಟರೆ ಬೇಕಾದ ಪಾರ್ಟಿಷನ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. "ಈ ಪಿಸಿ ವಿಂಡೋಸ್ 11 ಓಡಿಸಲಾರದು" ಎಂಬ ಪರದೆ ಬಂದರೆ ಪಿಟಿಟಿ ಆಫ್ ಇದೆ ಎಂದೇ ಮೊದಲ ಅನುಮಾನ. ಬಯೋಸ್ ಅಪ್‌ಡೇಟ್ ಮಾಡಿದಾಗ ಸೆಟ್ಟಿಂಗ್ ಮೂಲಸ್ಥಿತಿಗೆ ಹೋಗಿ ಅದು ಆಫ್ ಆಗುವುದುಂಟು. ರಿಜಿಸ್ಟ್ರಿ ತಿದ್ದಿ ಪರೀಕ್ಷೆ ಹಾರಿಸುವ ಉಪಾಯಗಳು ಯೋಗ್ಯತೆ ಇರುವ ಯಂತ್ರಕ್ಕೆ ಬೇಕಿಲ್ಲ.

ಲೈಸೆನ್ಸ್ ಬಗ್ಗೆ ಒಂದು ಮಾತು. ಅದೇ ಬೋರ್ಡ್, ಅದೇ ಎಡಿಷನ್ ಆದ್ದರಿಂದ ವಿಂಡೋಸ್ 11 ಹಳೆಯ ಡಿಜಿಟಲ್ ಲೈಸೆನ್ಸಿನಿಂದಲೇ ಆಕ್ಟಿವೇಟ್ ಆಗುತ್ತದೆ. ಆದರೆ ಆಕ್ಟಿವೇಟ್ ಆಯಿತೆಂದರೆ ಅನುಮತಿ ಇದೆ ಎಂದಲ್ಲ. ಒಂದು ಲೈಸೆನ್ಸಿಗೆ ಒಂದೇ ಇನ್‌ಸ್ಟಾಲೇಷನ್ ಎನ್ನುತ್ತದೆ ಮೈಕ್ರೋಸಾಫ್ಟಿನ ಕರಾರು. ಬಿಲ್ಲು ಹರಿದು ವ್ಯಾಪಾರ ಮಾಡುವ ಅಂಗಡಿ ಎರಡನ್ನೂ ಖಾಯಂ ಇಟ್ಟುಕೊಳ್ಳುವುದಾದರೆ ವಿಂಡೋಸ್ 11ಕ್ಕೆ ಬೇರೆ ಲೈಸೆನ್ಸ್ ಕೊಳ್ಳಬೇಕು.

ಡೆಸ್ಕ್‌ಟಾಪ್ ಕಂಡ ಕೂಡಲೇ, ಹಳೆಯ ಡಿಸ್ಕ್ ಮತ್ತೆ ಜೋಡಿಸುವ ಮೊದಲು, ಎರಡು ಕೆಲಸ. ಮೊದಲನೆಯದು ಡಿವೈಸ್ ಎನ್‌ಕ್ರಿಪ್ಷನ್. 24ಎಚ್2 ಆವೃತ್ತಿಯಿಂದ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದರೆ ಡೆಸ್ಕ್‌ಟಾಪ್‌ಗಳಲ್ಲೂ ಇದು ಕೇಳದೇ ಚಾಲೂ ಆಗುವುದು ಸಾಮಾನ್ಯ. ಇದು ಸಿ ಡ್ರೈವಿಗಷ್ಟೇ ಅಲ್ಲ, ಒಳಗಿನ ಇತರ ಡ್ರೈವ್‌ಗಳಿಗೂ ಅನ್ವಯಿಸುವ ಸೌಲಭ್ಯ. ಹಂಚಿಕೊಳ್ಳಬೇಕಾದ ಡಿ ಬೀಗ ಹಾಕಿಕೊಂಡರೆ ವಿಂಡೋಸ್ 10ರಲ್ಲಿ ಕೀ ಕೇಳುತ್ತದೆ. ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯೂರಿಟಿಯಲ್ಲಿ ಆಫ್ ಮಾಡಿ, ಮ್ಯಾನೇಜ್-ಬಿಡಿಇ ಕಮಾಂಡಿನ ಸ್ಟೇಟಸ್‌ನಲ್ಲಿ "ಫುಲ್ಲಿ ಡಿಕ್ರಿಪ್ಟೆಡ್" ಎಂದು ಬರುವವರೆಗೆ ಕಾಯಲಾಯಿತು. ಎನ್‌ಕ್ರಿಪ್ಷನ್ ಬೇಕೆನ್ನುವವರು ರಿಕವರಿ ಕೀಯನ್ನು ಕಾಗದದ ಮೇಲೆ ಮುದ್ರಿಸಿ ಬೀರುವಿನಲ್ಲಿಡಬೇಕು, ಅದೇ ಕಂಪ್ಯೂಟರಿನಲ್ಲಿ ಅಲ್ಲ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದಾಗ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಕರ್ನೆಲ್ ಹೈಬರ್ನೇಟ್ ಆಗಿ, ತೆರೆದಿದ್ದ ಎನ್‌ಟಿಎಫ್‌ಎಸ್ ಡ್ರೈವ್‌ಗಳ ಸ್ಥಿತಿಯೂ ಅದರೊಳಗೆ ಉಳಿದಿರುತ್ತದೆ. ಆ ನಡುವೆ ಇನ್ನೊಂದು ವಿಂಡೋಸ್ ಎದ್ದು ಡಿ ಮೇಲೆ ಬರೆದರೆ, ಮೊದಲನೆಯದು ಮರಳಿ ಬಂದು ತನ್ನ ಹಳೆಯ ಲೆಕ್ಕವನ್ನೇ ನಂಬುತ್ತದೆ. ಫಲ: ಬೂಟ್ ಆಗುವಾಗ ಚೆಕ್‌ಡಿಸ್ಕ್, ನಿನ್ನೆ ಸೇವ್ ಮಾಡಿದ ಫೈಲ್ ಮಾಯ ಅಥವಾ ಅರ್ಧ. ಎರಡೂ ವಿಂಡೋಸ್‌ಗಳಲ್ಲಿ ಪವರ್‌ಸಿಎಫ್‌ಜಿ ಕಮಾಂಡಿನಿಂದ ಹೈಬರ್ನೇಷನ್ ಆಫ್ ಮಾಡಿದರೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಎರಡು ವಿಂಡೋಸ್ ಇರುವ ಯಂತ್ರಗಳಲ್ಲಿ ಫೈಲ್ ಹಾಳಾದರೆ ಮೊದಲು ನೋಡಬೇಕಾದ ಕಾರಣ ಇದು. ಗಡಿಯಾರದ ಚಿಂತೆ ಮಾತ್ರ ಇಲ್ಲಿಲ್ಲ: ಎರಡೂ ವಿಂಡೋಸ್ ಆದ್ದರಿಂದ ಬೋರ್ಡಿನ ಗಡಿಯಾರವನ್ನು ಸ್ಥಳೀಯ ಸಮಯ ಎಂದೇ ಓದುತ್ತವೆ. ಲಿನಕ್ಸ್ ಜೊತೆಗಿದ್ದರೆ ಐದೂವರೆ ಗಂಟೆಯ ಜಗಳ ಶುರುವಾಗುತ್ತಿತ್ತು.

ಎರಡೂ ಒಟ್ಟಿಗೆ

ಹಳೆಯ ಡಿಸ್ಕಿನ ಕೇಬಲ್ ಮತ್ತೆ ಜೋಡಿಸಿದ ಮೇಲೆ ಬೂಟ್ ಮೆನುವಿನಲ್ಲಿ "ವಿಂಡೋಸ್ ಬೂಟ್ ಮ್ಯಾನೇಜರ್" ಎಂಬ ಸಾಲು ಎರಡು ಸಲ ಕಾಣುತ್ತದೆ. ವ್ಯತ್ಯಾಸ ತಿಳಿಯುವುದು ಪಕ್ಕದಲ್ಲಿರುವ ಡಿಸ್ಕಿನ ಹೆಸರಿನಿಂದ ಮಾತ್ರ. ಹೊಸ ಎಸ್‌ಎಸ್‌ಡಿಯನ್ನು ಬೇರೆ ಕಂಪನಿಯದು ತಂದದ್ದು ಇಲ್ಲಿ ಉಪಯೋಗಕ್ಕೆ ಬಂತು; ಎರಡೂ ಒಂದೇ ಮಾಡೆಲ್ ಆಗಿದ್ದರೆ ಪ್ರತಿ ಸಲವೂ ಊಹೆ. ಹೊಸದನ್ನು ಮೊದಲ ಆಯ್ಕೆ ಮಾಡಲಾಯಿತು. ಪವರ್ ಒತ್ತಿ ಸುಮ್ಮನಿದ್ದರೆ ವಿಂಡೋಸ್ 11, ಎಫ್12 ಒತ್ತಿ ಆರಿಸಿದರೆ ವಿಂಡೋಸ್ 10. ಬಿಸಿಡಿಬೂಟ್ ಬಳಸಿ ಎರಡನ್ನೂ ನೀಲಿ ಪರದೆಯ ಒಂದೇ ಮೆನುವಿಗೆ ತರಬಹುದು, ಆದರೆ ಅಲ್ಲಿ ಡೀಫಾಲ್ಟ್ ಅಲ್ಲದ್ದನ್ನು ಆರಿಸಿದರೆ ಯಂತ್ರ ಇನ್ನೊಮ್ಮೆ ರೀಸ್ಟಾರ್ಟ್ ಆಗುತ್ತದೆ. ಮೇಲಾಗಿ ಎರಡರ ಬೂಟ್ ಮತ್ತೆ ಒಂದೇ ಕಡೆ ಗಂಟು ಬೀಳುತ್ತದೆ.

ಡ್ರೈವ್ ಅಕ್ಷರಗಳು ತಾವಾಗಿ ಹೊಂದುವುದಿಲ್ಲ. ವಿಂಡೋಸ್ 11 ತನ್ನ ಲೆಕ್ಕದಲ್ಲಿ ವಿಂಡೋಸ್ 10ರ ಪಾರ್ಟಿಷನ್ನಿಗೆ ಡಿ ಎಂದೂ ಕೆಲಸದ ಡ್ರೈವಿಗೆ ಇ ಎಂದೂ ಹೆಸರಿಟ್ಟಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಮೊದಲನೆಯದರ ಅಕ್ಷರ ತೆಗೆದುಹಾಕಿ, ಎರಡನೆಯದಕ್ಕೆ ಡಿ ಕೊಡಲಾಯಿತು. ವಿಂಡೋಸ್ 10ರಲ್ಲಿ ಕುಳಿತು ಹೊಸ ಡಿಸ್ಕಿನ ಅಕ್ಷರವನ್ನೂ ಹಾಗೆಯೇ ತೆಗೆಯಬೇಕು. ಅಕ್ಷರ ಇಲ್ಲದ ಪಾರ್ಟಿಷನ್ ಎಕ್ಸ್‌ಪ್ಲೋರರಿನಲ್ಲಿ ಕಾಣುವುದಿಲ್ಲ, "ಇದೇನಿದು ಇನ್ನೊಂದು ವಿಂಡೋಸ್ ಫೋಲ್ಡರ್" ಎಂದು ಯಾರೂ ಅಳಿಸುವುದಿಲ್ಲ.

ಕೆಲವು ಫೋಲ್ಡರುಗಳು ವಿಂಡೋಸ್ 11ರಲ್ಲಿ "ಅನುಮತಿ ಇಲ್ಲ" ಎಂದವು. ಎರಡೂ ಕಡೆ ಬಳಕೆದಾರರ ಹೆಸರು ಒಂದೇ ಇರಬಹುದು, ಆದರೆ ವಿಂಡೋಸ್ ಗುರುತಿಸುವುದು ಒಳಗಿನ ಎಸ್‌ಐಡಿ ಸಂಖ್ಯೆಯಿಂದ. ಅದು ಎರಡರಲ್ಲೂ ಬೇರೆ. ಡಿ ಡ್ರೈವಿನ ಕೆಲಸದ ಫೋಲ್ಡರಿಗೆ ಸೆಕ್ಯೂರಿಟಿ ಟ್ಯಾಬಿನಲ್ಲಿ "ಆಥೆಂಟಿಕೇಟೆಡ್ ಯೂಸರ್ಸ್"ಗೆ ಮಾಡಿಫೈ ಹಕ್ಕು ಕೊಟ್ಟರೆ ತೀರಿತು. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಫೋಲ್ಡರುಗಳನ್ನು ಡಿಗೆ ಸ್ಥಳಾಂತರಿಸಿ ಎರಡು ವಿಂಡೋಸ್‌ಗೂ ಒಂದೇ ಮಾಡುವ ಆಸೆ ಬೇಡ, ಈ ಗೋಜಲು ದುಪ್ಪಟ್ಟಾಗುತ್ತದೆ.

ಕನ್ನಡದ ಕಡೆಯಿಂದ ಒಂದು ದೂರು ಬಂತು: ತುಂಗಾ ಫಾಂಟಿನ ಹಳೆಯ ವರ್ಡ್ ಫೈಲುಗಳಲ್ಲಿ ಸಾಲುಗಳು ಮುಂದಕ್ಕೆ ಜಾರಿ, ಒಂದು ಪುಟದ ಪತ್ರ ಎರಡಾಗಿತ್ತು. ತುಂಗಾ ಈಗ ವಿಂಡೋಸ್‌ನ ಜೊತೆ ತಾನಾಗಿ ಬರುವುದಿಲ್ಲ. ಅದರ ಜಾಗದಲ್ಲಿ ನಿರ್ಮಲಾ ಯುಐ ಕೂರುತ್ತದೆ, ಅಕ್ಷರದ ಅಗಲ ಬೇರೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ "ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್" ಸೇರಿಸಿದರೆ ತುಂಗಾ ಬರುತ್ತದೆ, ಪುಟವೂ ಮೊದಲಿನಂತೆ ನಿಲ್ಲುತ್ತದೆ.

ಹಳೆಯದರ ಬಾಳಿಕೆ

ವಿಂಡೋಸ್ 10ಕ್ಕೆ ಇನ್ನು ಇಂಟರ್ನೆಟ್ ಇಲ್ಲ. ಬಾಕಿ ಇದ್ದ ಅಪ್‌ಡೇಟ್‌ಗಳನ್ನೆಲ್ಲ ಹಾಕಿ ಮುಗಿಸಿ, ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನು ಡಿಸೇಬಲ್ ಮಾಡಲಾಯಿತು. ಗಿರಾಕಿ ತಂದ ಪೆನ್‌ಡ್ರೈವ್ ತೆರೆಯುವುದು ವಿಂಡೋಸ್ 11ರಲ್ಲಿ ಮಾತ್ರ. ಅಲ್ಲಿ ವೈರಸ್ ತಪಾಸಣೆ ಆದ ಫೈಲ್ ಡಿಗೆ ಹೋಗುತ್ತದೆ, ಅಲ್ಲಿಂದ ಪೇಜ್‌ಮೇಕರಿಗೆ. ಮುಗಿದ ಕೆಲಸ ಪಿಡಿಎಫ್ ಆಗಿ ಡಿಗೇ ಬರುತ್ತದೆ, ಮೇಲ್ ಅಥವಾ ವಾಟ್ಸಾಪ್ ಹೊಸ ವಿಂಡೋಸ್‌ನಿಂದ. ಹಳೆಯದಕ್ಕೂ ಇಂಟರ್ನೆಟ್ ಬೇಕೇ ಬೇಕು ಎನ್ನುವವರಿಗೆ ಮೈಕ್ರೋಸಾಫ್ಟಿನ ವಿಸ್ತರಿತ ಭದ್ರತಾ ಯೋಜನೆ ಇದೆ. ಮನೆಬಳಕೆಯವರಿಗೆ ಅದನ್ನು ಪ್ರಕಟಿಸಿದ್ದು 2026ರ ಅಕ್ಟೋಬರ್ 13ರವರೆಗೆ.

ಅಪ್‌ಡೇಟ್ ಮುಗಿಸಿಯೇ ನೆಟ್ ಕಡಿಯಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಸೆಕ್ಯೂರ್ ಬೂಟ್ ನಂಬಿರುವ ಮೈಕ್ರೋಸಾಫ್ಟಿನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ, ಅವುಗಳ ಜಾಗಕ್ಕೆ 2023ರವು ಬರುತ್ತವೆ. ಅವಧಿ ಮುಗಿದ ಮಾತ್ರಕ್ಕೆ ಹಳೆಯ ವಿಂಡೋಸ್ ನಿಲ್ಲುವುದಿಲ್ಲ. ಆದರೆ ಹಳೆಯ ಪ್ರಮಾಣಪತ್ರವೇ ಬೋರ್ಡಿನ ನಿಷೇಧಪಟ್ಟಿಗೆ ಸೇರಿದರೆ, ಅದರಿಂದ ಸಹಿಯಾದ ವಿಂಡೋಸ್ 10ರ ಬೂಟ್ ಮ್ಯಾನೇಜರನ್ನು ಬೋರ್ಡ್ ತಡೆಯುತ್ತದೆ. ಆ ಪಟ್ಟಿ ಬೋರ್ಡಿನಲ್ಲಿರುವುದರಿಂದ ವಿಂಡೋಸ್ 11ರಲ್ಲಿ ಮಾಡಿದ ಬದಲಾವಣೆ ವಿಂಡೋಸ್ 10ಕ್ಕೂ ತಟ್ಟುತ್ತದೆ. ಹಾಗೇನಾದರೂ ಆದರೆ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಹಳೆಯದನ್ನು ಎಬ್ಬಿಸಬಹುದು. ಎನ್‌ಕ್ರಿಪ್ಷನ್ ಆಫ್ ಇರುವುದರಿಂದ ವಿಂಡೋಸ್ 11 ಅದಕ್ಕೆ ತಕರಾರು ತೆಗೆಯುವುದಿಲ್ಲ.

ಈ ಜೋಡಣೆಯ ದುರ್ಬಲ ಜಾಗ ಡಿ ಡ್ರೈವ್. ಎರಡೂ ವಿಂಡೋಸ್ ಅದನ್ನೇ ನೆಚ್ಚಿವೆ, ಅದಿರುವುದು ಹಳೆಯ ಎಸ್‌ಎಸ್‌ಡಿಯಲ್ಲಿ. ಹೊರ ಹಾರ್ಡ್ ಡಿಸ್ಕಿಗೆ ವಾರಕ್ಕೊಮ್ಮೆ ರೋಬೋಕಾಪಿ ಓಡಿಸುವ ಏರ್ಪಾಡನ್ನು ವಿಂಡೋಸ್ 11ರ ಟಾಸ್ಕ್ ಶೆಡ್ಯೂಲರಿನಲ್ಲಿ ಮಾಡಿಡಲಾಗಿದೆ. ಜಿಪಿಟಿಗೆ ಬದಲಾದ ಹಳೆಯ ಡಿಸ್ಕಿನ ಹೊಸ ಇಮೇಜನ್ನೂ ಕ್ಲೋನ್‌ಜಿಲ್ಲಾದಿಂದ ತೆಗೆದು, ಎಂಬಿಆರ್ ಕಾಲದ ಇಮೇಜಿನ ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಇಟ್ಟಿದೆ. ಡಾಂಗಲ್ ಕೆಲಸ ನಿಂತುಹೋದ ಮೇಲೆ ಹಳೆಯ ವಿಂಡೋಸ್ ತೆಗೆಯುವುದಾದರೆ ಮೊದಲು ಡಿ ಅನ್ನು ಬೇರೆಡೆಗೆ ನಕಲು ಮಾಡಿ, ಹಳೆಯ ಎಸ್‌ಎಸ್‌ಡಿಯ ಕೇಬಲ್ ಕಳಚಿ ಒಂದೆರಡು ದಿನ ವಿಂಡೋಸ್ 11 ಒಂಟಿಯಾಗಿ ಏಳುವುದನ್ನು ನೋಡಬೇಕು. ಎದ್ದರೆ ಆ ಡಿಸ್ಕನ್ನು ಪೂರ್ತಿ ಅಳಿಸಿ ಡೇಟಾಕ್ಕೆ ಬಳಸಿಕೊಳ್ಳಬಹುದು. ಬೂಟ್ ಮೆನುವಿನಲ್ಲಿ ಉಳಿದುಹೋದ ಹಳೆಯ ಸಾಲನ್ನು ಬಿಸಿಡಿಎಡಿಟ್‌ನಿಂದ ತೆಗೆಯಲು ಬರುತ್ತದೆ, ಬಿಟ್ಟರೂ ತೊಂದರೆಯಿಲ್ಲ.